ಸಂದಿನ ಲೆಕ್ಕ

ಪ್ರಶ್ನೆ ಇಷ್ಟೇ. ಎಕ್ಸ್‌ನ ಬೆಲೆ 2 ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಎಫ್(ಎಕ್ಸ್) = ಎಕ್ಸ್². 2 ದಾಟಿದ ಮೇಲೆ ಎಫ್(ಎಕ್ಸ್) = ಎ·ಎಕ್ಸ್ + ಬಿ. ಈ ಫಂಕ್ಷನ್ 2ರಲ್ಲಿ ಡಿಫರೆನ್ಷಿಯಬಲ್ ಆಗಬೇಕು, ಅಂದರೆ ಅದರ ಗೆರೆಗೆ ಅಲ್ಲಿ ಒಂದೇ ನಿಶ್ಚಿತ ಸ್ಲೋಪ್ (ಓರೆ) ಇರಬೇಕು. ಎ ಎಷ್ಟು, ಬಿ ಎಷ್ಟು?

ಶಿರಸಿ, ಕುಮಟಾ ಕಡೆ ದ್ವಿತೀಯ ಪಿಯುಸಿ ಮಕ್ಕಳಿಗೆ ಗಣಿತ ಹೇಳುವ ನಾವು ‘ಅವಿಚ್ಛಿನ್ನತೆ ಮತ್ತು ಅವಕಲನೀಯತೆ’ (ಗೆರೆ ಕಡಿಯದಿರುವುದು, ಡಿಫರೆನ್ಷಿಯಬಲ್ ಆಗಿರುವುದು) ಅಧ್ಯಾಯ ತೆಗೆಯುವ ದಿನ ಬೋರ್ಡಿನ ಮೇಲೆ ಮೊದಲು ಬರೆಯುವುದು ಇದನ್ನೇ. ಹೆಂಚಿನ ಮೇಲೆ ಮಳೆ ಹೊಯ್ಯುವಾಗ ಕೂಗಿ ಕೂಗಿ ಹೇಳಬೇಕಾದ ಅಧ್ಯಾಯ. ಹಾಗಾಗಿ ಮೊದಲ ಹತ್ತು ನಿಮಿಷ ನಾವು ಏನೂ ಹೇಳುವುದಿಲ್ಲ, ಅವರೇ ಮಾಡಲಿ ಎಂದು ಬಿಡುತ್ತೇವೆ. ಬಹಳಷ್ಟು ನೋಟ್‌ಬುಕ್ಕುಗಳಲ್ಲಿ ಒಂದೇ ಬಗೆಯ ಉತ್ತರ ಸಿಗುತ್ತದೆ. ಎಕ್ಸ್² ಡಿಫರೆನ್ಷಿಯೇಟ್ ಮಾಡಿದರೆ 2ಎಕ್ಸ್, 2ರಲ್ಲಿ ಅದು 4. ಎ·ಎಕ್ಸ್ + ಬಿ ಮಾಡಿದರೆ ಎ. ಎರಡೂ ಸಮ ಇರಬೇಕು, ಆದ್ದರಿಂದ ಎ = 4. ಬಿ ಎಲ್ಲಿ ಎಂದರೆ, ‘ಬಿ ಏನು ಬೇಕಾದ್ರೂ ಆಗ್ಬಹುದು ಸರ್, ಡಿಫರೆನ್ಷಿಯೇಟ್ ಮಾಡುವಾಗ ಅದು ಹೋಗ್ತದಲ್ಲ!’

ಈ ಒಂದು ಸಾಲಿನಲ್ಲಿ ಅಧ್ಯಾಯದ ಅರ್ಧ ತೊಂದರೆ ಇದೆ. ಅವರು ಮಾಡಿದ ಡಿಫರೆನ್ಷಿಯೇಶನ್‌ನಲ್ಲಿ ತಪ್ಪಿಲ್ಲ. ಆದರೆ ಅದನ್ನು ಮಾಡಿದ್ದು ಸಂದಿನ ಆಚೆ ಈಚೆ, ಸಂದಿನಲ್ಲೇ ಅಲ್ಲ. ಎರಡು ಸೂತ್ರ ಬಂದು ಕೂಡುವ ಬಿಂದುವನ್ನು ನಾವು ಪಾಠದಲ್ಲಿ ಸಂದು ಎಂದೇ ಕರೆಯುವುದು. ಬಾಗಿಲು ಚೌಕಟ್ಟು ಮಾಡುವ ಬಡಿಗನಿಗೂ ಕೆಲಸ ಕೆಡುವ ಜಾಗ ಅದೇ.

ಬಿ = 0 ಎಂದೇ ಇಟ್ಟುಕೊಂಡು ನೋಡಿ. 2ರಲ್ಲಿ ಫಂಕ್ಷನ್‌ನ ಬೆಲೆ ಮೊದಲ ಸೂತ್ರದಿಂದ 4. ಬಲಗಡೆ ಸ್ವಲ್ಪವೇ ಸರಿದು 2 + ಎಚ್‌ನಲ್ಲಿ ನಿಂತರೆ ಬೆಲೆ 8 + 4ಎಚ್. ಡೆರಿವೇಟಿವ್ ಎಂದರೆ ವ್ಯತ್ಯಾಸವನ್ನು ಎಚ್‌ನಿಂದ ಭಾಗಿಸಿ ಎಚ್ ಅನ್ನು ಸೊನ್ನೆಯತ್ತ ಒಯ್ಯುವುದು: (8 + 4ಎಚ್ − 4) ÷ ಎಚ್, ಅಂದರೆ 4 + 4/ಎಚ್. ಎಚ್ 0.1 ಆದಾಗ 44, 0.01 ಆದಾಗ 404, 0.001 ಆದಾಗ 4004. ಇದು ಯಾವ ಸಂಖ್ಯೆಯ ಹತ್ತಿರವೂ ನಿಲ್ಲುವುದಿಲ್ಲ. ಎಡಗಡೆಯಿಂದ ಅದೇ ಲೆಕ್ಕ ಹಾಕಿದರೆ 4 − ಎಚ್, ನೆಟ್ಟಗೆ 4ಕ್ಕೆ ಬರುತ್ತದೆ. ಬಲಗಡೆಯ ಗೆರೆಯ ಸ್ಲೋಪ್ 4 ಹೌದು. ಆದರೆ ಆ ಗೆರೆ ಹೊರಟದ್ದು 8ರ ಎತ್ತರದಿಂದ, ನಮ್ಮ ಬಿಂದು ಇರುವುದು 4ರಲ್ಲಿ. ಹಾಗಾಗಿ ಮೊದಲು ಎತ್ತರ ಸೇರಬೇಕು: 2ಎ + ಬಿ = 4. ಆಮೇಲೆ ಸ್ಲೋಪ್: ಎ = 4. ಬಿ = −4. ಎರಡು ಅವ್ಯಕ್ತಕ್ಕೆ ಎರಡು ಸಮೀಕರಣ, ಒಂದು ಅವಿಚ್ಛಿನ್ನತೆಯಿಂದ, ಇನ್ನೊಂದು ಅವಕಲನೀಯತೆಯಿಂದ. ಅವಕಲನೀಯವಾಗಿದ್ದರೆ ಅವಿಚ್ಛಿನ್ನ ಆಗಿಯೇ ಇರುತ್ತದೆ ಎಂಬ ಪ್ರಮೇಯವನ್ನು ಪುಸ್ತಕದಲ್ಲಿ ಎಲ್ಲರೂ ಗೆರೆ ಎಳೆದು ಓದುತ್ತಾರೆ. ಅದು ಕೆಲಸಕ್ಕೆ ಬರುವುದು ಇಂಥ ಕಡೆ. ಎತ್ತರ ಸೇರದ ಮೇಲೆ ಸ್ಲೋಪಿನ ಮಾತೇ ಇಲ್ಲ.

ಇಷ್ಟು ಹೇಳಿದ ಮೇಲೂ ಕೆಲವರಿಗೆ ಇದು ಬೋರ್ಡಿನ ಮೇಲಿನ ಕಸರತ್ತು ಎನಿಸುತ್ತದೆ. ಆಗ ಕರೆಂಟ್ ಬಿಲ್ ತೆಗೆಯುತ್ತೇವೆ. 2023ರಲ್ಲಿ ಬಂದ ಗೃಹಜ್ಯೋತಿಯ ಲೆಕ್ಕ ಎಲ್ಲರ ಮನೆಯಲ್ಲೂ ಬಾಯಿಪಾಠ. ಹಿಂದಿನ ಬಳಕೆ ನೋಡಿ ಒಂದು ಮನೆಗೆ ಇಷ್ಟು ಯೂನಿಟ್ ಉಚಿತ ಎಂದು ಗೊತ್ತು ಮಾಡುತ್ತಾರೆ. ಅದನ್ನು ದಾಟಿ 200ರ ಒಳಗೇ ಇದ್ದರೆ ಹೆಚ್ಚಾದ ಯೂನಿಟ್ಟಿಗೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್. ಲೆಕ್ಕ ಸುಲಭವಾಗಲೆಂದು ಉಚಿತ ಮಿತಿ 150 ಎಂದೂ ಯೂನಿಟ್ಟಿಗೆ 6 ರೂಪಾಯಿ ಎಂದೂ ಇಟ್ಟುಕೊಳ್ಳೋಣ, ನಿಗದಿತ ಶುಲ್ಕ ಬಿಡೋಣ. 150ರವರೆಗೆ ಬಿಲ್ ಸೊನ್ನೆ. 150ರಿಂದ 200ರವರೆಗೆ 6(ಎಕ್ಸ್ − 150). 200 ದಾಟಿದ ಮೇಲೆ 6ಎಕ್ಸ್.

ಈಗ ಎರಡು ಸಂದು ಸಿಕ್ಕವು. 150ರಲ್ಲಿ ಎಡಗಡೆಯ ಬೆಲೆ ಸೊನ್ನೆ, ಬಲಗಡೆಯದೂ ಸೊನ್ನೆ. ಗೆರೆ ಕಡಿದಿಲ್ಲ. ಆದರೆ ಎಡಗಡೆ ಸ್ಲೋಪ್ 0, ಬಲಗಡೆ 6. ಮೂಲೆ ಬಿತ್ತು. ಅವಿಚ್ಛಿನ್ನ, ಆದರೆ ಅವಕಲನೀಯ ಅಲ್ಲ. 200ರಲ್ಲಿ ಕತೆ ಬೇರೆ. ಎಡದಿಂದ ಬಂದರೆ 300 ರೂಪಾಯಿ. ಒಂದು ಕೂದಲೆಳೆ ದಾಟಿದರೆ 1200. ಅಲ್ಲಿ ಎರಡೂ ಕಡೆ ಸ್ಲೋಪ್ ಎಷ್ಟು ಎಂದು ಕೇಳಿ: ಎಡಕ್ಕೂ 6, ಬಲಕ್ಕೂ 6! ಬೋರ್ಡಿನ ಮೇಲಿನ ತಪ್ಪು ಇಲ್ಲಿ ರೂಪಾಯಿಯಲ್ಲಿ ಕಾಣುತ್ತದೆ. ಎರಡೂ ಕಡೆ ಯೂನಿಟ್ಟಿಗೆ 6 ರೂಪಾಯಿಯೇ ಇದೆಯಲ್ಲ, ಏನೂ ಆಗಿಲ್ಲ ಎಂದು 201ನೆಯ ಯೂನಿಟ್ ಸುಟ್ಟ ಮನೆಯವರ ಮುಂದೆ ಹೇಳಿ ನೋಡಿ. ಸಂದಿನಿಂದಲೇ ಹೊರಟು ಲೆಕ್ಕ ಹಾಕಿದರೆ ಬಲಗಡೆಯ ಅನುಪಾತ 6 + 900/ಎಚ್. ಎಚ್ 1 ಆದರೆ 906, 0.1 ಆದರೆ 9006.

ಚುರುಕಾದವರು ಇಲ್ಲೊಂದು ತಕರಾರು ತೆಗೆಯುತ್ತಾರೆ: ಬಿಲ್ಲಿನಲ್ಲಿ ಯೂನಿಟ್ ಪೂರ್ಣಾಂಕದಲ್ಲೇ ಇರುತ್ತದಲ್ಲ ಎಂದು. ತಕರಾರು ನ್ಯಾಯವಾದದ್ದೇ. ಪೂರ್ಣಾಂಕಗಳ ಮೇಲಷ್ಟೇ ಇರುವ ಫಂಕ್ಷನ್‌ನಲ್ಲಿ ‘200ರ ಹತ್ತಿರ’ ಎನ್ನುವುದಕ್ಕೆ ಅರ್ಥವೇ ಇಲ್ಲ, ಪಕ್ಕದ ಬಿಂದು ಒಂದು ಪೂರ್ತಿ ಯೂನಿಟ್ ದೂರ. ಮೀಟರಿನೊಳಗೆ ಓಡುವ ಅಂಕಿಯನ್ನು ಎಕ್ಸ್ ಎಂದು ಹಿಡಿದರೆ ಮಾತ್ರ ಮೇಲಿನದು ನಿಲ್ಲುತ್ತದೆ.

ಅವಿಚ್ಛಿನ್ನತೆ ನೋಡುವಾಗ ಸಂದಿನಲ್ಲಿ ಮೂರು ಸಂಖ್ಯೆ ಬರೆಯಬೇಕು: ಎಡಗಡೆಯ ಲಿಮಿಟ್ (ಎಡದಿಂದ ಹತ್ತಿರ ಬಂದಂತೆ ಬೆಲೆ ಸೇರುವ ಸಂಖ್ಯೆ), ಬಲಗಡೆಯ ಲಿಮಿಟ್, ಮತ್ತು ಬಿಂದುವಿನಲ್ಲೇ ಇರುವ ಬೆಲೆ. ಮಕ್ಕಳ ಭಾಷೆಯಲ್ಲಿ ಎಲ್‌ಎಚ್‌ಎಲ್, ಆರ್‌ಎಚ್‌ಎಲ್, ಎಫ್ ಆಫ್ ಎ. ಬಿಟ್ಟುಹೋಗುವುದು ಯಾವಾಗಲೂ ಮೂರನೆಯದು. ಎಡ ಬಲ ಎರಡೂ 6 ಬಂತು, ‘ಆದ್ದರಿಂದ ಕಂಟಿನ್ಯುಯಸ್’ ಎಂದು ಮುಗಿಸಿಬಿಡುತ್ತಾರೆ. (ಎಕ್ಸ್² − 9) ÷ (ಎಕ್ಸ್ − 3) ಎಂಬುದಕ್ಕೆ 3ರಲ್ಲಿ 5 ಎಂಬ ಬೆಲೆ ಕೊಟ್ಟು ನೋಡಿ. ಎರಡೂ ಕಡೆಯಿಂದ 6 ಬರುತ್ತದೆ, ಬಿಂದುವಿನಲ್ಲಿ ಮಾತ್ರ 5. ಅದನ್ನು 6 ಮಾಡಿದರೆ ತೂತು ಮುಚ್ಚಿತು. 200 ಯೂನಿಟ್ಟಿನ ಜಿಗಿತವನ್ನು ಹಾಗೆ ಮುಚ್ಚಲು ಬರುವುದಿಲ್ಲ. ಬಿಂದುವಿಗೆ 300 ಕೊಟ್ಟರೆ ಬಲಗಡೆ ಬಿಟ್ಟಿತು, 1200 ಕೊಟ್ಟರೆ ಎಡಗಡೆ.

ಇನ್ನೊಂದು ಗೊಂದಲ 1/ಎಕ್ಸ್‌ನದು. ಸೊನ್ನೆಯಲ್ಲಿ ಅದು ಅವಿಚ್ಛಿನ್ನ ಅಲ್ಲ ಎಂದು ತರಗತಿಗೆ ತರಗತಿಯೇ ಒಕ್ಕೊರಲಿನಲ್ಲಿ ಹೇಳುತ್ತದೆ. ಪುಸ್ತಕ 1/ಎಕ್ಸ್ ಅವಿಚ್ಛಿನ್ನ ಫಂಕ್ಷನ್ ಎನ್ನುತ್ತದೆ. ಪುಸ್ತಕದ ಮಾತೇ ಸರಿ, ಏಕೆಂದರೆ ಸೊನ್ನೆ ಅದರ ಡೊಮೇನಿನಲ್ಲೇ, ಅಂದರೆ ಅದಕ್ಕೆ ಬೆಲೆ ಇರುವ ಎಕ್ಸ್‌ಗಳಲ್ಲೇ, ಇಲ್ಲ. ಕಾರವಾರದ ಕಡೆಯವರಿಗೆ ಇದನ್ನು ಹೇಳುವುದು ಸುಲಭ. 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು, ಒಂದು ಲಾರಿ ನೀರಿಗೆ ಬಿತ್ತು, ಚಾಲಕ ಬದುಕಿದ. ಮರುದಿನ ಉಳಿದ ತುಂಡುಗಳ ಮೇಲೆ ರಸ್ತೆಯ ಎತ್ತರ ಎಷ್ಟು ಎಂದು ಕೇಳಿದರೆ ಉತ್ತರ ಇತ್ತು. ಬಿದ್ದ ಕಡೆ ಕೇಳಿದರೆ ಉತ್ತರ ತಪ್ಪು ಎಂದಲ್ಲ, ಪ್ರಶ್ನೆಗೇ ಜಾಗ ಇರಲಿಲ್ಲ. ರಸ್ತೆಯ ಎತ್ತರ ಅಲ್ಲಿ ‘ಜಿಗಿದಿಲ್ಲ’, ಅಲ್ಲಿ ರಸ್ತೆಯೇ ಇಲ್ಲ. 200 ಯೂನಿಟ್ಟಿನದು ಜಿಗಿತ, ಸೇತುವೆಯದು ಡೊಮೇನಿನ ಕಡಿತ. ‘ಎಕ್ಸ್ = 0ರಲ್ಲಿ ಪರಿಶೀಲಿಸಿ’ ಎಂದು ಕೇಳಿದ್ದರೆ ಮೊದಲು ಸೊನ್ನೆಯಲ್ಲಿ ಬೆಲೆ ಕೊಟ್ಟಿದ್ದಾರೆಯೇ ನೋಡಬೇಕು.

ಫಂಕ್ಷನ್ ಅವಿಚ್ಛಿನ್ನ ಆಗಲು ಕೆ ಎಷ್ಟಿರಬೇಕು ಎಂದು ಕಂಡುಹಿಡಿಯುವ ಲೆಕ್ಕಗಳು ಸುಲಭ, ಅವುಗಳಲ್ಲಿ ಹೆಚ್ಚು ಹೊತ್ತು ಕಳೆಯುವುದಿಲ್ಲ. ಒಂದರಲ್ಲಿ ಮಾತ್ರ ಪ್ರತಿ ವರ್ಷ ಯಾರಾದರೂ ಜಾರುತ್ತಾರೆ. ಸೈನ್(5ಎಕ್ಸ್) ÷ 2ಎಕ್ಸ್, ಸೊನ್ನೆಯಲ್ಲಿ ಬೆಲೆ ಕೆ. ಉತ್ತರ 5/2. ಕ್ಯಾಲ್ಕ್ಯುಲೇಟರಿನಲ್ಲಿ ಎಕ್ಸ್‌ಗೆ 0.01 ಹಾಕಿ ತಾಳೆ ನೋಡಿದವರಿಗೆ 0.0436 ಬಂದಿರುತ್ತದೆ. ಕೀಲಿ ಡಿಗ್ರಿಯಲ್ಲಿದೆ, ರೇಡಿಯನ್ನಿಗೆ ಹಾಕಿಲ್ಲ. 0.0436ನ್ನು ಪೈ/180ರಿಂದ ಭಾಗಿಸಿದರೆ 2.5 ಸಿಗುತ್ತದೆ. ಸೈನ್‌ನ ಡೆರಿವೇಟಿವ್ ಕಾಸ್ ಎಂಬುದೂ ರೇಡಿಯನ್ನಿನಲ್ಲಿ ಮಾತ್ರ ನಿಜ. ಡಿಗ್ರಿಯಲ್ಲಿ ಅದರ ಜೊತೆ ಪೈ/180 ಅಂಟಿಕೊಂಡು ಬರುತ್ತದೆ.

ಎರಡನೆಯ ವಾರ ಸ್ಲೋಪಿನದು. ಇಲ್ಲಿ ಊರಿನ ಉದಾಹರಣೆ ತಂದರೆ ಅದೇ ಅಡ್ಡ ಬರುವುದೂ ಉಂಟು. ‘ಮೂಲೆ ಇದ್ದಲ್ಲಿ ಡೆರಿವೇಟಿವ್ ಇಲ್ಲ’ ಎಂದ ಕೂಡಲೇ ಶಿರಸಿಯ ಮಕ್ಕಳು ದೇವಿಮನೆ ಘಟ್ಟದ ಹೇರ್‌ಪಿನ್ ತಿರುವು ಎನ್ನುತ್ತಾರೆ. ಅಲ್ಲ. ಬಸ್ಸಿನ ಡ್ರೈವರ್ ಆ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸುತ್ತಾ ಬರುತ್ತಾನೆ, ಬಸ್ಸಿನ ಮುಖ ಒಂದೇ ಕ್ಷಣಕ್ಕೆ ಬೇರೆ ದಿಕ್ಕಿಗೆ ಹಾರುವುದಿಲ್ಲ. ಎಷ್ಟು ಕಿರಿದಾದ ತಿರುವಾದರೂ ಅದು ದುಂಡಗೇ ಇದೆ. ನಕ್ಷೆಯನ್ನು ಗ್ರಾಫ್ ಎಂದು ಹಿಡಿದರೆ ಅಲ್ಲಿ ಬೇರೆಯೇ ತೊಡಕು ಇದೆ: ಒಂದೇ ಎಕ್ಸ್‌ಗೆ ರಸ್ತೆ ಎರಡು ಕಡೆ ಸಿಗುತ್ತದೆ, ಆದ್ದರಿಂದ ಅದು ವೈ = ಎಫ್(ಎಕ್ಸ್) ಆಗುವುದೇ ಇಲ್ಲ. ತಿರುವಿನ ತುದಿಯಲ್ಲಿ ಸ್ಪರ್ಶಕ (ಅಲ್ಲಿ ಮುಟ್ಟಿ ಹೋಗುವ ನೇರ ಗೆರೆ) ನೆಟ್ಟಗೆ ನಿಲ್ಲುತ್ತದೆ. ಎಕ್ಸ್‌ನ ಘನಮೂಲಕ್ಕೆ ಸೊನ್ನೆಯಲ್ಲಿ ಆಗುವುದೂ ಇದೇ. ಗೆರೆ ನುಣುಪು, ಸ್ಪರ್ಶಕವೂ ಇದೆ, ಆದರೆ ಅದು ಲಂಬ, ಸ್ಲೋಪ್ ಸಂಖ್ಯೆಯಾಗಿ ಸಿಗುವುದಿಲ್ಲ. ಮೂಲೆ ಒಂದೇ ಕಾರಣ ಎಂದುಕೊಂಡವರು ಇದನ್ನು ಮರೆಯುತ್ತಾರೆ.

ನಿಜವಾದ ಮೂಲೆ ಬೇಕಿದ್ದರೆ ಸಮುದ್ರಕ್ಕೆ ಹೋಗಬೇಕು. ಗೋಕರ್ಣ, ಕಾರವಾರದ ಕಡೆ ಬಂಡೆಗಳ ನಡುವೆ ಹೊಂಡಗಳಿವೆ. ಉಬ್ಬರದಲ್ಲಿ ಸಮುದ್ರದ ನೀರು ಬಂಡೆಯ ಅಂಚು ಮೀರಿ ಒಳಗೆ ಬರುತ್ತದೆ. ಇಳಿತದಲ್ಲಿ ನೀರು ಅಂಚಿನವರೆಗೆ ಇಳಿದು, ಆಮೇಲೆ ಹೊಂಡದ ನೀರು ಅಲ್ಲೇ ನಿಲ್ಲುತ್ತದೆ, ಹೊರಗಿನದು ಇಳಿಯುತ್ತಲೇ ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಒಂದರಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಲೆಕ್ಕಕ್ಕೆ ಸಮುದ್ರದ ಮಟ್ಟ 1.2 + 0.8 ಕಾಸ್(2ಪೈ·ಟಿ/12.42) ಮೀಟರ್ ಎಂದು ಇಟ್ಟುಕೊಳ್ಳೋಣ, ಟಿ ಗಂಟೆಯಲ್ಲಿ, ಉಬ್ಬರದ ನೆತ್ತಿಯಿಂದ ಎಣಿಕೆ. ಬಂಡೆಯ ಅಂಚು 1.2 ಮೀಟರಿನಲ್ಲಿದೆ. ಹೊಂಡದ ಮಟ್ಟ ಎಂದರೆ ಸಮುದ್ರದ ಮಟ್ಟ ಮತ್ತು 1.2, ಇವೆರಡರಲ್ಲಿ ದೊಡ್ಡದು.

ಉಬ್ಬರದಿಂದ 3 ಗಂಟೆ 6 ನಿಮಿಷಕ್ಕೆ ನೀರು ಅಂಚು ಮುಟ್ಟುತ್ತದೆ. ಆ ಹೊತ್ತಿಗೆ ಸಮುದ್ರ ಇಳಿಯುವ ವೇಗ 0.8 × 2ಪೈ/12.42, ಗಂಟೆಗೆ ಸುಮಾರು 40 ಸೆಂಟಿಮೀಟರ್. ಅದೇ ಗರಿಷ್ಠ ವೇಗ. ಹೊಂಡದ ಮಟ್ಟದ ಸ್ಲೋಪ್ ಎಡಗಡೆ −0.40, ಬಲಗಡೆ 0. ನೀರು ಎಲ್ಲೂ ಜಿಗಿಯಲಿಲ್ಲ, ಆದರೆ ಗ್ರಾಫಿನಲ್ಲಿ ಮೂಲೆ ಬಿತ್ತು. ಈಗ ಅಂಚು 0.4 ಮೀಟರಿನಲ್ಲಿದೆ ಎನ್ನಿ, ಸರಿಯಾಗಿ ಇಳಿತದ ತಳ. ಸಮುದ್ರ ಅಲ್ಲಿಗೆ ಬರುವಾಗ ಅದರ ವೇಗವೇ ಸೊನ್ನೆಗೆ ಬಂದಿರುತ್ತದೆ. ಅಂಚಿದ್ದರೂ ಇಲ್ಲದಿದ್ದರೂ ಗ್ರಾಫ್ ಒಂದೇ, ಮೂಲೆ ಇಲ್ಲ. ದೊಡ್ಡದನ್ನು ಆರಿಸುವ ಫಂಕ್ಷನ್‌ಗಳಿಗೆಲ್ಲ ನಿಯಮ ಇಷ್ಟೇ: ಎರಡು ಗ್ರಾಫ್ ಕೂಡುವಲ್ಲಿ ಸ್ಲೋಪ್ ಬೇರೆ ಇದ್ದರೆ ಮೂಲೆ, ಒಂದೇ ಇದ್ದರೆ ಇಲ್ಲ.

ಈ ಹೊಂಡದಿಂದ ಇನ್ನೊಂದು ಲಾಭ. ಉಬ್ಬರದ ನೆತ್ತಿಯಲ್ಲಿ ಡೆರಿವೇಟಿವ್ ಸೊನ್ನೆ. ‘ಡೆರಿವೇಟಿವ್ ಸೊನ್ನೆ’ ಎಂಬುದನ್ನೂ ‘ಡೆರಿವೇಟಿವ್ ಇಲ್ಲ’ ಎಂಬುದನ್ನೂ ಒಂದೇ ಎಂದು ತಿಳಿದು ಬರೆಯುವವರು ಕಡಿಮೆಯೇನಿಲ್ಲ. ನೆತ್ತಿಯಲ್ಲಿ ನೀರು ಒಂದು ಗಳಿಗೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ವೇಗ ಇದೆ, ಅದು ಸೊನ್ನೆ. ಬಂಡೆಯ ಅಂಚಿನಲ್ಲಿ ಎಡಗಡೆಯವನು ಒಂದು ಉತ್ತರ ಹೇಳುತ್ತಾನೆ, ಬಲಗಡೆಯವನು ಇನ್ನೊಂದು. ಅಲ್ಲಿ ಹೇಳಲು ಒಂದು ವೇಗ ಇಲ್ಲ.

ಮಾಡ್, ಅಂದರೆ ಮೈನಸ್ ಬೆಲೆಯನ್ನು ಪ್ಲಸ್ ಮಾಡುವ | | ಚಿಹ್ನೆ, ಬಂದ ಕೂಡಲೇ ಹೆದರುವ ಅಭ್ಯಾಸವನ್ನು ಬಿಡಿಸಬೇಕು. ಮಾಡ್ ಇದ್ದಲ್ಲೆಲ್ಲ ಮೂಲೆ ಇರುವುದಿಲ್ಲ. |ಎಕ್ಸ್² − 4| ಎಂಬುದು 2ರಲ್ಲಿ ಮೂಲೆ ಮಾಡುತ್ತದೆ, ಏಕೆಂದರೆ ಒಳಗಿನ ಎಕ್ಸ್² − 4 ಅಲ್ಲಿ 4ರ ಸ್ಲೋಪಿನಲ್ಲಿ ಅಕ್ಷ ದಾಟುತ್ತದೆ. ಮಾಡ್ ಹಾಕಿದರೆ ಒಂದು ಕಡೆ −4, ಇನ್ನೊಂದು ಕಡೆ 4. |(ಎಕ್ಸ್ − 2)³| ಮಾಡುವುದಿಲ್ಲ, ಒಳಗಿನದು ಸೊನ್ನೆ ಸ್ಲೋಪಿನಲ್ಲಿ ದಾಟುತ್ತದೆ, ಮಡಚಲು ಏನೂ ಇಲ್ಲ. ಒಳಗಿನ ಫಂಕ್ಷನ್ ಡಿಫರೆನ್ಷಿಯಬಲ್ ಆಗಿದ್ದು ಸೊನ್ನೆಯಾಗುವ ಬಿಂದುವಿನಲ್ಲಿ ಅದರ ಡೆರಿವೇಟಿವ್ ಸೊನ್ನೆಯಾದರೆ ಮಾತ್ರ ಮಾಡ್ ಹಾಕಿದ್ದೂ ಡಿಫರೆನ್ಷಿಯಬಲ್. ಎಕ್ಸ್·|ಎಕ್ಸ್| ಕೊಟ್ಟರೆ ‘|ಎಕ್ಸ್| ಸೊನ್ನೆಯಲ್ಲಿ ಡಿಫರೆನ್ಷಿಯಬಲ್ ಅಲ್ಲ, ಆದ್ದರಿಂದ ಗುಣಲಬ್ಧವೂ ಅಲ್ಲ’ ಎಂದು ಬರೆಯುತ್ತಾರೆ. ಗುಣಲಬ್ಧದ ನಿಯಮ ಎರಡೂ ಡಿಫರೆನ್ಷಿಯಬಲ್ ಆಗಿದ್ದರೆ ಏನು ಎಂದು ಹೇಳುತ್ತದೆ, ಆಗಿರದಿದ್ದರೆ ಏನು ಎಂದು ಹೇಳುವುದಿಲ್ಲ. ಅನುಪಾತ ತೆಗೆದರೆ ಎಚ್·|ಎಚ್| ÷ ಎಚ್ = |ಎಚ್|, ಅದು ಸೊನ್ನೆಗೆ ಹೋಗುತ್ತದೆ. ಡೆರಿವೇಟಿವ್ ಇದೆ, ಸೊನ್ನೆ.

ಇಷ್ಟರಲ್ಲಿ ಒಬ್ಬಿಬ್ಬರು ತಾವೇ ಒಂದು ಉಪಾಯ ಕಂಡುಕೊಂಡಿರುತ್ತಾರೆ. ಮೊದಲು ಎತ್ತರ ನೋಡು, ಆಮೇಲೆ ಎರಡೂ ಸೂತ್ರ ಡಿಫರೆನ್ಷಿಯೇಟ್ ಮಾಡಿ ಸಂದಿಗೆ ತಂದು ಸಮ ಇವೆಯೇ ನೋಡು, ಎಲ್‌ಎಚ್‌ಡಿ, ಆರ್‌ಎಚ್‌ಡಿ (ಎಡಗಡೆಯ, ಬಲಗಡೆಯ ಡೆರಿವೇಟಿವ್) ಎಂದು ಎಚ್ ಹಿಡಿದು ಒದ್ದಾಡುವುದು ಬೇಡ. ಎತ್ತರ ಸೇರಿದ್ದು, ಡೆರಿವೇಟಿವ್‌ಗಳ ಲಿಮಿಟ್ ಎರಡೂ ಕಡೆ ಒಂದೇ ಬಂದರೆ, ಉಪಾಯ ಸರಿ. ಅದಕ್ಕೆ ಸಾಧನೆ ಸರಾಸರಿ ಮೌಲ್ಯ ಪ್ರಮೇಯದಿಂದ ಬರುತ್ತದೆ. ಈಗಿನ ಪಠ್ಯದಲ್ಲಿ ಆ ಪ್ರಮೇಯವನ್ನು ತೆಗೆದುಹಾಕಿದ್ದಾರೆ, ಹಾಗಾಗಿ ಉಪಾಯ ಉಳಿಯಿತು, ಅದರ ಆಧಾರ ಹೋಯಿತು. ಆ ಸಂಕ್ಷೇಪ ನಮಗಂತೂ ಸರಿ ಕಂಡಿಲ್ಲ. ಆಧಾರ ಗೊತ್ತಿಲ್ಲದವರು ಉಪಾಯವನ್ನು ತಿರುಗಿಸಿ ಹಿಡಿಯುತ್ತಾರೆ: ಡೆರಿವೇಟಿವ್‌ಗಳಿಗೆ ಲಿಮಿಟ್ ಸಿಗದಿದ್ದರೆ ಸಂದಿನಲ್ಲಿ ಡೆರಿವೇಟಿವ್ ಇಲ್ಲ ಎಂದು. ಅದು ಸುಳ್ಳು.

ಸುಳ್ಳೆಂದು ತೋರಿಸಲು ಎರಡು ಫಂಕ್ಷನ್ ಸಾಕು. ಮೊದಲನೆಯದು ಎಕ್ಸ್·ಸೈನ್(1/ಎಕ್ಸ್), ಸೊನ್ನೆಯಲ್ಲಿ ಬೆಲೆ 0. ಇದು ±ಎಕ್ಸ್ ಎಂಬ ಎರಡು ಗೆರೆಗಳ ನಡುವೆ ಸಿಕ್ಕಿಕೊಂಡು ಸೊನ್ನೆಗೆ ಬರುತ್ತದೆ, ಆದ್ದರಿಂದ ಅವಿಚ್ಛಿನ್ನ. ಅನುಪಾತ ತೆಗೆದರೆ ಸೈನ್(1/ಎಚ್) ಮಾತ್ರ ಉಳಿಯುತ್ತದೆ. ಎಚ್‌ಗೆ 0.6366 ಹಾಕಿ, ಅಂದರೆ 2/ಪೈ, ಉತ್ತರ 1. 0.2122 ಹಾಕಿ, −1. 0.1273 ಹಾಕಿ, ಮತ್ತೆ 1. ಸೊನ್ನೆಯ ಎಷ್ಟು ಹತ್ತಿರ ಹೋದರೂ ಈ ತೂಗಾಟ ನಿಲ್ಲದು. ಡೆರಿವೇಟಿವ್ ಇಲ್ಲ. ಮೂಲೆಯೂ ಇಲ್ಲ, ಲಂಬ ಸ್ಪರ್ಶಕವೂ ಇಲ್ಲ, ಎಡ ಬಲ ಬೇರೆ ಬೇರೆ ಎಂದು ಹೇಳಲು ಒಂದು ಕಡೆಯದೂ ಸಿಗುವುದಿಲ್ಲ.

ಎರಡನೆಯದು ಎಕ್ಸ್²·ಸೈನ್(1/ಎಕ್ಸ್), ಸೊನ್ನೆಯಲ್ಲಿ 0. ಅನುಪಾತ ಎಚ್·ಸೈನ್(1/ಎಚ್), ಅದರ ಗಾತ್ರ |ಎಚ್| ಮೀರುವುದಿಲ್ಲ. ಡೆರಿವೇಟಿವ್ ಸೊನ್ನೆ, ಅನುಮಾನವೇ ಇಲ್ಲ. ಈಗ ಉಪಾಯದವರ ದಾರಿಯಲ್ಲಿ ಹೋಗಿ. ಸೊನ್ನೆ ಬಿಟ್ಟು ಉಳಿದ ಕಡೆ ಡೆರಿವೇಟಿವ್ 2ಎಕ್ಸ್·ಸೈನ್(1/ಎಕ್ಸ್) − ಕಾಸ್(1/ಎಕ್ಸ್). 1/(2ಪೈ), ಅಂದರೆ ಸುಮಾರು 0.159ರಲ್ಲಿ ಅದು −1. 1/(3ಪೈ), ಸುಮಾರು 0.106ರಲ್ಲಿ +1. ಲಿಮಿಟ್ ಇಲ್ಲ. ಸಂದಿನ ಅಕ್ಕಪಕ್ಕದ ಡೆರಿವೇಟಿವ್‌ಗಳು ಹುಚ್ಚೆದ್ದು ಕುಣಿಯುತ್ತಿವೆ, ಸಂದಿನಲ್ಲಿ ಮಾತ್ರ ಸೊನ್ನೆ ಎಂದು ನಿಶ್ಚಿತ. ಪರೀಕ್ಷೆಯಲ್ಲಿ ಸೈನ್(1/ಎಕ್ಸ್) ಕಂಡರೆ ಎಚ್ ಬಿಟ್ಟು ಬೇರೆ ದಾರಿ ಹಿಡಿಯಬೇಡಿ.

ಕಂಪ್ಯೂಟರ್ ಲ್ಯಾಬ್ ಇದ್ದ ದಿನ ಗ್ರಾಫ್ ಬಿಡಿಸುವ ತಂತ್ರಾಂಶ ಜಿಯೊಜೀಬ್ರಾದಲ್ಲಿ ಹಿಗ್ಗಿಸಿ ನೋಡುವ ಆಟ. ಎಕ್ಸ್²ನ ಯಾವ ಬಿಂದುವನ್ನು ಹಿಗ್ಗಿಸಿದರೂ ಕೊನೆಗೆ ನೆಟ್ಟಗಿನ ಗೆರೆಯಾಗಿ ಕಾಣುತ್ತದೆ, |ಎಕ್ಸ್| ಸೊನ್ನೆಯಲ್ಲಿ ಎಷ್ಟು ಹಿಗ್ಗಿಸಿದರೂ ಅದೇ ಕವಲು. ಇದರ ಮೇಲೇ ಭರವಸೆ ಇಟ್ಟರೆ ಮೋಸ ಹೋಗುತ್ತೀರಿ. ಎಕ್ಸ್² + 0.0001 ಇದರ ವರ್ಗಮೂಲ ಬಿಡಿಸಿ. ದೂರದಿಂದ |ಎಕ್ಸ್| ಇದ್ದ ಹಾಗೇ ಚೂಪು, ನೂರು ಪಟ್ಟು ಹಿಗ್ಗಿಸಿದರೆ ತಳ ಬಟ್ಟಲಿನಂತೆ ದುಂಡಗೆ. ಚಿತ್ರ ಸಂಶಯ ಹುಟ್ಟಿಸಲಿ, ತೀರ್ಮಾನ ಎಚ್ ಮಾಡಲಿ.

ಯಂತ್ರದ ಡೆರಿವೇಟಿವ್‌ನದು ಇನ್ನೂ ಅಪಾಯ. ಬಿಂದುವಿನ ಎಡಕ್ಕೆ ಬಲಕ್ಕೆ ಸಮದೂರದಲ್ಲಿ ಬೆಲೆ ತೆಗೆದು, ವ್ಯತ್ಯಾಸವನ್ನು 2ಎಚ್‌ನಿಂದ ಭಾಗಿಸುವ ವಿಧಾನ ಬಹಳ ಕಡೆ ಬಳಕೆಯಲ್ಲಿದೆ. ನುಣುಪಾದ ಫಂಕ್ಷನ್‌ಗೆ ಅದು ಒಳ್ಳೆಯ ವಿಧಾನವೇ. |ಎಕ್ಸ್|ಗೆ ಸೊನ್ನೆಯಲ್ಲಿ ಹಾಕಿ: (|ಎಚ್| − |−ಎಚ್|) ÷ 2ಎಚ್, ಸೊನ್ನೆ. ಡೆರಿವೇಟಿವ್ ಇದೆ, ಸೊನ್ನೆ ಎಂದು ಕಣ್ಣು ಮಿಟುಕಿಸದೆ ಹೇಳುತ್ತದೆ. ಕರೆಂಟ್ ಬಿಲ್ಲಿನ 150ರಲ್ಲಿ ಹಾಕಿದರೆ (6ಎಚ್ − 0) ÷ 2ಎಚ್ = 3. ಯೂನಿಟ್ಟಿಗೆ 3 ರೂಪಾಯಿ ಎಂಬ ದರವನ್ನು ಆ ಬಿಲ್ಲಿನಲ್ಲಿ ಯಾರೂ ಕಟ್ಟುವುದಿಲ್ಲ. ಆ ವಿಧಾನ ಬಿಂದುವಿನ ಬೆಲೆಯನ್ನು ಮುಟ್ಟುವುದೇ ಇಲ್ಲ, ತಪ್ಪಿನ ಬೇರು ಅಲ್ಲಿದೆ. ಎಚ್ ಚಿಕ್ಕದಾದಷ್ಟೂ ಒಳ್ಳೆಯದು ಎಂಬುದೂ ಯಂತ್ರದಲ್ಲಿ ನಡೆಯದು. ಸ್ಪ್ರೆಡ್‌ಶೀಟಿನಲ್ಲಿ (1 − ಕಾಸ್ ಎಕ್ಸ್) ÷ ಎಕ್ಸ್² ಬರೆದು ಎಕ್ಸ್‌ಗೆ 0.01 ಕೊಟ್ಟರೆ 0.499996 ಎಂದು ಬರುತ್ತದೆ, ಸರಿಯಾದ ಲಿಮಿಟ್ 0.5. 0.00000001 ಕೊಟ್ಟರೆ ಸೊನ್ನೆ! ಆ ಕಾಸ್ 1ಕ್ಕೆ ಎಷ್ಟು ಹತ್ತಿರ ಎಂದರೆ ಯಂತ್ರದ ಅಂಕಿಗಳಲ್ಲಿ ವ್ಯತ್ಯಾಸವೇ ಉಳಿಯುವುದಿಲ್ಲ.

ಎಲ್ಲ ಬಿಂದುವಿನಲ್ಲೂ ಅವಿಚ್ಛಿನ್ನ, ಒಂದು ಬಿಂದುವಿನಲ್ಲೂ ಅವಕಲನೀಯ ಅಲ್ಲ, ಅಂಥದ್ದೂ ಇದೆಯೇ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಇದೆ. 1872ರಲ್ಲಿ ಬರ್ಲಿನ್ನಿನ ಅಕಾಡೆಮಿಯ ಮುಂದೆ ಜರ್ಮನ್ ಗಣಿತಜ್ಞ ವೈಯರ್‌ಸ್ಟ್ರಾಸ್ ಒಂದನ್ನು ಕಟ್ಟಿ ತೋರಿಸಿದರು. ಎತ್ತರ ಕಡಿಮೆಯಾಗುತ್ತಾ ಹೋಗುವ, ಆದರೆ ಅದಕ್ಕಿಂತ ಬೇಗ ಒತ್ತೊತ್ತಾಗುವ ಕಾಸ್ ಅಲೆಗಳ ಅನಂತ ಮೊತ್ತ. ಎತ್ತರ ಇಳಿಯುವುದರಿಂದ ಮೊತ್ತ ಅವಿಚ್ಛಿನ್ನ, ಒತ್ತು ಏರುವುದರಿಂದ ಸ್ಲೋಪ್ ಎಲ್ಲೂ ನಿಲ್ಲದು. ಪಿಯುಸಿಗೆ ಇಷ್ಟೇ ಸಾಕು.

ಉತ್ತರ ಪತ್ರಿಕೆಯಲ್ಲಿ ಬರೆಯುವ ಕ್ರಮದ ಬಗ್ಗೆ ಒಂದು ಮಾತು. ಮೊದಲ ಸಾಲಿನಲ್ಲಿ ಬಿಂದುವಿನ ಬೆಲೆ ಬರೆಯಿರಿ, ಸಮ ಚಿಹ್ನೆ ಯಾವ ತುಂಡಿನಲ್ಲಿದೆಯೋ ಆ ಸೂತ್ರದಿಂದ. ಆಮೇಲೆ ಎಡ, ಬಲ ಲಿಮಿಟ್. ಅವು ಬೆಲೆಗೆ ಸಮ ಆಗದಿದ್ದರೆ ಅಲ್ಲಿಗೆ ನಿಲ್ಲಿಸಿ, ‘ಅವಿಚ್ಛಿನ್ನ ಅಲ್ಲ, ಆದ್ದರಿಂದ ಅವಕಲನೀಯವೂ ಅಲ್ಲ’ ಎಂದು ಮುಗಿಸಿ. ಸಮ ಆದರೆ ಎರಡು ಅನುಪಾತ. ಎಡಗಡೆಯದಕ್ಕೆ −ಎಚ್ ಹಾಕಿದವರು ಕೆಳಗೂ −ಎಚ್‌ನಿಂದಲೇ ಭಾಗಿಸಬೇಕು. ಆ ಮೈನಸ್ ಬಿಟ್ಟದ್ದರಿಂದ ನುಣುಪಾದ ಎಕ್ಸ್²ಗೂ ಮೂಲೆ ಬಂದ ಉತ್ತರಗಳನ್ನು ತಿದ್ದಿ ತಿದ್ದಿ ನಮ್ಮ ಕೆಂಪು ಪೆನ್ನು ಸವೆದಿದೆ.

ಕೊನೆಯ ದಿನ ರೈಲು. 1998ರ ಜನವರಿ 26ರಿಂದ ಪೂರ್ತಿ ಓಡುತ್ತಿರುವ ಕೊಂಕಣ ರೈಲು ಮಾರ್ಗವನ್ನು 1250 ಮೀಟರ್ ತ್ರಿಜ್ಯದ ಲೆಕ್ಕದಲ್ಲಿ ರೂಪಿಸಿದ್ದಾರೆ. ನೆಟ್ಟಗಿನ ಹಳಿ ವೃತ್ತದ ತಿರುವಿಗೆ ಸೇರುವಲ್ಲಿ ಏನು ಮಾಡಬೇಕು? ಸೇರುವ ಜಾಗ ಎಕ್ಸ್ = 0 ಎನ್ನಿ. ಎಡಗಡೆ ವೈ = 0, ಬಲಗಡೆ ಆರಂಭದ ಹತ್ತಿರ ವೃತ್ತವನ್ನು ವೈ = ಎಕ್ಸ್²/2500 ಎಂದು ಹಿಡಿಯಬಹುದು. ಎತ್ತರ ಸೇರಿತು, ಸ್ಲೋಪೂ ಎರಡೂ ಕಡೆ ಸೊನ್ನೆ. ನಮ್ಮ ಅಧ್ಯಾಯದ ಪ್ರಕಾರ ಎಲ್ಲ ಸರಿ. ಆದರೆ ಎರಡನೆಯ ಡೆರಿವೇಟಿವ್, ಅಂದರೆ ಸ್ಲೋಪ್ ಬದಲಾಗುವ ದರ, ಎಡಗಡೆ 0, ಬಲಗಡೆ 1/1250. ಗಂಟೆಗೆ 100 ಕಿಲೋಮೀಟರ್, ಅಂದರೆ ಸೆಕೆಂಡಿಗೆ 27.8 ಮೀಟರ್ ವೇಗದಲ್ಲಿ ಆ ಬಿಂದು ದಾಟಿದರೆ ಪಕ್ಕಕ್ಕೆ ತಳ್ಳುವ ವೇಗೋತ್ಕರ್ಷ ಸೊನ್ನೆಯಿಂದ 0.62 ಮೀ/ಸೆ²ಗೆ ಒಮ್ಮೆಲೇ ಏರುತ್ತದೆ. ಕೈಯಲ್ಲಿದ್ದ ಚಹಾ ಮಡಿಲಿಗೆ ಬೀಳುವುದು ಅಲ್ಲಿ. ಅದಕ್ಕೇ ನಡುವೆ ಒಂದು ತುಂಡು ಘನ ಪರವಲಯ ಹಾಕುತ್ತಾರೆ, ವೈ = ಎಕ್ಸ್³/(6·ಆರ್·ಎಲ್). ಆರ್ ತ್ರಿಜ್ಯ, ಎಲ್ ಆ ತುಂಡಿನ ಉದ್ದ. ಅದರ ಎರಡನೆಯ ಡೆರಿವೇಟಿವ್ ಎಕ್ಸ್/(ಆರ್·ಎಲ್), ಸೊನ್ನೆಯಿಂದ ಹೊರಟು ತುಂಡು ಮುಗಿಯುವಾಗ ಸರಿಯಾಗಿ 1/ಆರ್ ಆಗುತ್ತದೆ.

ಇದಾದ ಮೇಲೆ ಮೊದಲ ದಿನದ ಪ್ರಶ್ನೆಯನ್ನೇ ತಿರುಗಿ ಬರೆಯುತ್ತೇವೆ. 2ರವರೆಗೆ ಎಕ್ಸ್². ಈ ಸಲ 2ರಲ್ಲಿ ಎರಡನೆಯ ಡೆರಿವೇಟಿವ್ ಕೂಡ ಇರಬೇಕು. ಬಲಗಡೆಗೆ ಎ·ಎಕ್ಸ್ + ಬಿ ಸಾಕೇ? ಸಾಲದು, ಗೆರೆಯ ಎರಡನೆಯ ಡೆರಿವೇಟಿವ್ ಸೊನ್ನೆ, ನಮಗೆ ಬೇಕಾದ್ದು 2. ಎಕ್ಸ್² ಇರುವ ಮೂರು ಪದಗಳ ಸೂತ್ರ? ಎತ್ತರ, ಸ್ಲೋಪ್, ಎರಡನೆಯದು, ಮೂರೂ ಸೇರಿಸಿದರೆ ಅದು ಎಕ್ಸ್² ಎಂದೇ ಹಿಂದಿರುಗಿ ಬರುತ್ತದೆ, ಹೊಸದೇನೂ ಇಲ್ಲ. ಘನ ಬೇಕು: ಎಕ್ಸ್² + ಸಿ(ಎಕ್ಸ್ − 2)³. ಸಿ ಎಷ್ಟು ಎಂದು ಕೇಳಿದರೆ, ಮೊದಲ ದಿನ ಬಿ ಬಗ್ಗೆ ಹೇಳಿದ ಆ ಹಿಂದಿನ ಬೆಂಚಿನವರೇ ಈಗ ಅಳುಕುತ್ತಾ ಹೇಳುತ್ತಾರೆ: ‘ಏನು ಬೇಕಾದ್ರೂ ಆಗ್ಬಹುದು ಸರ್.’ ಈ ಸಲ ಹೌದು. 2ರಲ್ಲಿ ಆ ಪದದ ಬೆಲೆಯೂ ಸೊನ್ನೆ, ಮೊದಲ ಡೆರಿವೇಟಿವೂ ಸೊನ್ನೆ, ಎರಡನೆಯದೂ ಸೊನ್ನೆ.